ಶನಿವಾರ ನಾಲ್ಕು ಗಂಟೆಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರಿನ ಗ್ರಂಥಾಲಯದ ಜಗಲಿಯಲ್ಲಿ ಪ್ರತಿ ಶನಿವಾರ ಸಂಜೆ ಮಕ್ಕಳ ಜೊತೆ ಕೂರಲು ಶುರು ಮಾಡಿ ನಾಲ್ಕು ವರ್ಷವಾಯಿತು. ಇದು ಟ್ಯೂಷನ್ ಅಲ್ಲ. ಓದುತ್ತೇವೆ, ಚಿತ್ರ ಬಿಡಿಸುತ್ತೇವೆ, ಎಷ್ಟೋ ಸಲ ಸುಮ್ನೆ ಮಾತಾಡುತ್ತೇವೆ.

ಮೊದಲು ಶಾಲೆಯ ಹೆಡ್‌ಮಾಸ್ಟರನ್ನು ಕಂಡೆ. ಆಮೇಲೆ ಒಂದೊಂದೇ ಮನೆಗೆ ಹೋದೆ. "ಮಾಷ್ಟ್ರೇ, ಮಾರ್ಕು ಜಾಸ್ತಿ ಬರ್ತದಾ?" ಎಂದು ಒಬ್ಬ ತಾಯಿ ಕೇಳಿದರು. "ಅದು ಹೇಳ್ಲಿಕ್ಕಾಗುದಿಲ್ಲ ಅಕ್ಕಾ. ವಾರಕ್ಕೊಮ್ಮೆ ಅವನ ಮಾತು ಕೇಳ್ಲಿಕ್ಕೆ ಒಬ್ಬ ಇರ್ತಾನೆ, ಅಷ್ಟೆ" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು.

ಜಗಲಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ರಸ್ತೆಯಲ್ಲಿ ಹೋಗುವವರಿಗೆಲ್ಲ ನಾವು ಕಾಣುತ್ತೇವೆ. ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬನೇ ಕೂರುವುದಿಲ್ಲ. 'ಯಾರಿಗೂ ಹೇಳಲ್ಲ' ಎಂದು ಮಕ್ಕಳಿಗೆ ಮಾತು ಕೊಡುವುದೂ ಇಲ್ಲ. ಅಪಾಯದ ವಿಷಯವಾದರೆ ಹೇಳಲೇಬೇಕಲ್ವಾ? ಮಕ್ಕಳ ಸಹಾಯವಾಣಿ 1098 ಅನ್ನು ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿದ್ದೇವೆ.

ಆ ತಾಯಿಯ ಮಗ ಆಗ ಆರನೇ ಕ್ಲಾಸು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿ ಮತ್ತು ಬಸ್ಸಿನಲ್ಲಿ ಮಲಯಾಳ. 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ಅದೇನೂ ಹೊಸತಲ್ಲ. ಆದರೆ ಒಂದು ಭಾಷೆ ಮಾತಾಡುವಾಗ ಇನ್ನೊಂದರ ಮಾತು ಬಾಯಿಗೆ ಬಂದರೆ ಉಳಿದವರು ನಗುತ್ತಾರೆ. ಇವನು ಮಾತನ್ನೇ ನಿಲ್ಲಿಸಿದ್ದ. ಇಂಥ ಮಕ್ಕಳನ್ನು ದಡ್ಡರೆಂದು ಬದಿಗೆ ಸರಿಸುವುದು ದೊಡ್ಡ ಅನ್ಯಾಯ.

ಒಂದು ದಿನ ನಾನೇ ಅವನ ಹತ್ತಿರ ಮಲಯಾಳ ಅಕ್ಷರ ಕಲಿಸಿಕೊಡು ಎಂದೆ. ಮಳೆಗೆ ಅವರು ಹೇಳುವ 'ಮೞ' ನನ್ನ ನಾಲಿಗೆಗೆ ಬರಲೇ ಇಲ್ಲ. ನಾಲಿಗೆ ಎಷ್ಟು ಹಿಂದಕ್ಕೆ ಮಡಚಬೇಕು ಎಂದು ಬಾಯಿ ತೆರೆದು ತೋರಿಸಿದ. ಹಳೆಗನ್ನಡದಲ್ಲಿ ನಾವೂ 'ಮೞೆ' ಎಂದೇ ಬರೆಯುತ್ತಿದ್ದೆವು, ಆ ಅಕ್ಷರ ಬರಬರುತ್ತಾ 'ಳ'ದಲ್ಲಿ ಸೇರಿಹೋಯಿತು ಎಂದೆ. "ಹಾಗಾದ್ರೆ ನಾವು ಯಾಕೆ ಬಿಟ್ಟದ್ದು ಮಾಮ?" ಎಂದ. ಮೂರು ತಿಂಗಳಲ್ಲಿ ಅವನು ನನಗೆ ಕೇಳಿದ ಮೊದಲ ಪ್ರಶ್ನೆ ಅದು. ಮನೆಗೆ ಬಂದರೂ ಆ ದನಿ ಕಿವಿಯಲ್ಲೇ ಇತ್ತು.

ಅದೇ ವರ್ಷ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಎರಡು ಶನಿವಾರ ಹೇಳದೆ ತಪ್ಪಿಸಿಬಿಟ್ಟೆ. ಎರಡೂ ದಿನ ಅವನು ಕತ್ತಲಾಗುವವರೆಗೆ ಜಗಲಿಯಲ್ಲಿ ಕಾದಿದ್ದನಂತೆ. ಗ್ರಂಥಾಲಯದವರು ಹೇಳಿದಾಗ ಹೊಟ್ಟೆಯೊಳಗೆ ಸಂಕಟವಾಯಿತು. ಮೂರನೇ ವಾರ ನಾನು ಹೋದೆ, ಅವನು ಬರಲಿಲ್ಲ.

ಅವರ ಮನೆಗೆ ಹೋಗಿ, ತಾಯಿಯ ಎದುರಿಗೇ, "ತಪ್ಪಾಯ್ತು ಮಗಾ" ಎಂದೆ. ಅವನು ಏನೂ ಹೇಳಲಿಲ್ಲ. ಅಂಗಳದಲ್ಲಿ ಹರಡಿದ ಅಡಿಕೆಯನ್ನು ಕಾಲಿನಿಂದ ಮಗುಚುತ್ತಾ ಇದ್ದ. ನಾನೂ ಚಪ್ಪಲಿ ಬಿಟ್ಟು ಇನ್ನೊಂದು ತುದಿಯಿಂದ ಮಗುಚಲು ಶುರು ಮಾಡಿದೆ. ಬಿಸಿಲು ಇಳಿಯುವವರೆಗೆ ಇಬ್ಬರೂ ಮಾತಿಲ್ಲದೆ ಅದನ್ನೇ ಮಾಡಿದೆವು.

ಈಗ ಬರಲಾಗದಿದ್ದರೆ ಹಿಂದಿನ ವಾರವೇ ಹೇಳುತ್ತೇನೆ. ನನ್ನ ಬದಲಿಗೆ ಕೂರಲು ನೆರೆಮನೆಯ ಅಕ್ಕ ಒಬ್ಬರು ಒಪ್ಪಿದ್ದಾರೆ. ಅವನು ಹತ್ತನೇ ಕ್ಲಾಸಿಗೆ ಬಂದಿದ್ದಾನೆ. ಶನಿವಾರ ನನಗಿಂತ ಮೊದಲೇ ಬಂದು, ಚಾಪೆ ಹಾಸಿ, ಸಣ್ಣವರಿಗೆ 'ಮೞ' ಹೇಳಿಸುತ್ತಿರುತ್ತಾನೆ.