ಇಡೀ ಡಬ್ಬ ಅಳೆದೆ, ಕಲಬೆರಕೆ ಸಿಕ್ಕಿಬಿತ್ತು

ಕ್ಯಾಟ್-6 ಅನ್ನೋ ನೆಟ್‌ವರ್ಕ್ ಕೇಬಲ್ಲಿನ ಡಬ್ಬದಲ್ಲಿರುವುದು ಪೂರ್ತಿ ತಾಮ್ರವಾ, ಅಲ್ಯೂಮಿನಿಯಂ ಮೇಲೆ ಬಳಿದ ತಾಮ್ರವಾ ಅನ್ನೋದನ್ನು ನಾನೀಗ ಸಾವಿರ ರೂಪಾಯಿ ಒಳಗಿನ ಮಲ್ಟಿಮೀಟರ್ ಹಿಡಿದು ಹೇಳುತ್ತೇನೆ. ಕಲಬುರಗಿಯ ನಮ್ಮ ಕೇಬಲ್ ಲ್ಯಾಬಿನಲ್ಲಿ ಇದನ್ನು ಶುರು ಮಾಡಿದಾಗ ಯಾರೂ ನಂಬಲಿಲ್ಲ. "ಸರ್ಟಿಫೈಯರ್ ಪಾಸ್ ಅಂದ್ರ ಮುಗೀತು ಬಿಡ್ರಿ" ಅನ್ನುತ್ತಿದ್ದರು. ಸರ್ಟಿಫೈಯರ್ ಅಂದರೆ ಕೇಬಲ್ಲಿನಲ್ಲಿ ಸಿಗ್ನಲ್ ಸರಿಯಾಗಿ ಹೋಗುತ್ತದಾ ಅಂತ ನೋಡುವ ಯಂತ್ರ.

ಪಾಸ್ ಆದ ಕೇಬಲ್ಲೇ ಒಂದು ದಾಲ್ ಮಿಲ್ಲಿನಲ್ಲಿ ಕೈಕೊಟ್ಟಿತ್ತು. ಪಿಒಇ ಕ್ಯಾಮೆರಾಗಳು, ಅಂದರೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟೂ ಪಡೆಯುವಂಥವು, ಹಗಲೆಲ್ಲ ಸರಿ. ಕತ್ತಲಾಗಿ, ರಾತ್ರಿ ಕಾಣಿಸಲು ಇರುವ ಐಆರ್ ಲೈಟ್ ಹೊತ್ತಿದ ಕೂಡಲೇ ರೀಬೂಟ್. ಆಗ ಕರೆಂಟ್ ಜಾಸ್ತಿ ಎಳೆಯುತ್ತದೆ, 80 ಮೀಟರ್ ತಂತಿಯಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. ಸಿಗ್ನಲ್‌ಗೆ ಮೇಲಿನ ತಾಮ್ರದ ಲೇಪ ಸಾಕು, ಕ್ಯಾಮೆರಾ ಓಡಿಸುವ ಡಿಸಿ ಕರೆಂಟಿಗೆ ಇಡೀ ತಂತಿ ಬೇಕಲ್ವಾ? ಕೇಬಲ್ ಬದಲಿಸಲು ಕೂಲಿ ಸೇರಿ 40 ಸಾವಿರದ ಹತ್ತಿರ ಹೋಯಿತು. ಗುತ್ತಿಗೆದಾರರಿಗೆ ಆ ಕೆಲಸದಲ್ಲಿ ಲಾಭವೇ ಉಳಿಯಲಿಲ್ಲ.

ಚಾಕುವಿನಿಂದ ಕೆರೆದು ಬಿಳಿ ತೋರಿಸಿದರೆ ಅಂಗಡಿಯವರು ಅದು ತವರದ ಲೇಪ ಅಂತ ವಾದಕ್ಕೆ ನಿಲ್ಲುತ್ತಿದ್ದರು. ಅಲ್ಯೂಮಿನಿಯಂ ಹಗುರ ಅಂತ ತೂಕ ನೋಡಿದೆ. ಹೊದಿಕೆ ದಪ್ಪ ಮಾಡಿ ತೂಕ ಸರಿದೂಗಿಸಿದ ಮಾಲು ಬಂತು. ಎರಡು ಮೀಟರ್ ತುಂಡಿನ ರೆಸಿಸ್ಟೆನ್ಸ್ ಅಳೆದರೆ ಸುಮಾರು 0.27 ಓಮ್, ಮಲ್ಟಿಮೀಟರಿನ ವೈರೇ ಅಷ್ಟು ತೋರಿಸುತ್ತದೆ. ಇಂಥ ಸಣ್ಣ ರೆಸಿಸ್ಟೆನ್ಸ್ ಅಳೆಯುವ ಮಿಲಿಓಮ್ ಮೀಟರಿಗೆ ದುಡ್ಡು ಹಾಕಲು ಮಾಲೀಕರು ಒಪ್ಪಲಿಲ್ಲ.

ಆಗ ಹೊಳೆದದ್ದು: ತುಂಡು ಯಾಕೆ, ಡಬ್ಬದ ಇಡೀ 305 ಮೀಟರ್ ಅಳೆಯೋಣ. ಸುರುಳಿಯ ಒಳತುದಿ ಹೊರಗೆ ತೆಗೆದು, ಜೋಡಿಯ ಎರಡೂ ತಂತಿ ಬಿಗಿಯಾಗಿ ಹೊಸೆದು, ಈಚೆ ತುದಿಯಲ್ಲಿ ಅಳೆಯುವುದು. 23 ಗೇಜ್ ಅಸಲಿ ತಾಮ್ರ ನಮ್ಮ ಲ್ಯಾಬಿನ ಸೆಕೆಯಲ್ಲಿ 42-44 ಓಮ್ ಕೊಡುತ್ತದೆ. ಅದಕ್ಕಿಂತ ತೆಳುವಾದ 24 ಗೇಜ್ ತಂತಿ ತುಂಬಿದ್ದರೆ 53-54. ಅಲ್ಯೂಮಿನಿಯಂ ಆದರೆ 65 ದಾಟುತ್ತದೆ. ಇಷ್ಟು ದೊಡ್ಡ ಅಂತರದ ಮುಂದೆ ಮಲ್ಟಿಮೀಟರ್ ವೈರಿನ ತಪ್ಪು ಲೆಕ್ಕಕ್ಕೇ ಬರುವುದಿಲ್ಲ. ಹೊದಿಕೆ ಮೇಲಿನ ಮೀಟರ್ ಗುರುತನ್ನು ಎರಡೂ ತುದಿಯಲ್ಲಿ ಓದಲೇಬೇಕು. ಡಬ್ಬದಲ್ಲಿ 250 ಮೀಟರ್ ಮಾತ್ರ ಇದ್ದರೆ ಆ ತೆಳು ತಂತಿಯೂ 44 ತೋರಿಸಿ ಪಾರಾಗುತ್ತದೆ. ಸುರುಳಿ ಸಿಕ್ಕಾಗದಂತೆ ಒಳತುದಿ ಎಳೆಯುವ ಉಪಾಯ ನನ್ನ ಹುಡುಗರಿಗಷ್ಟೇ ಗೊತ್ತು. ಅದು ನಮ್ಮಲ್ಲೇ ಇರಲಿ.

ಮೇ ತಿಂಗಳಲ್ಲಿ ಸುಮ್ನೆ ಒಂದು ಅಸಲಿ ಸುರುಳಿಯನ್ನು ತಾರಸಿ ಮೇಲಿನ ತಗಡಿನ ಶೆಡ್ಡಿನಲ್ಲಿ ಇಟ್ಟು ನೋಡಿದೆ. ಬೆಳಿಗ್ಗೆ 42ರ ಆಸುಪಾಸು ಇದ್ದದ್ದು ಮಧ್ಯಾಹ್ನ ಮೂರಕ್ಕೆ 47ಕ್ಕೆ ಬಂತು. ಅಸಲಿ ತಾಮ್ರವೇ ನಮ್ಮ ಬಿಸಿಲಿಗೆ ಇಷ್ಟು ಏರುತ್ತದೆ. ಅವತ್ತಿನಿಂದ ತಗಡಿನ ಕೆಳಗೆ ಪಿಒಇ ಎಳೆದರೆ 75 ಮೀಟರಿಗೆ ನಿಲ್ಲಿಸಿ ಅಂತ ಬರೆದೇ ಕೊಡುತ್ತೇನೆ. 90 ಅಂತ ಪುಸ್ತಕದಲ್ಲಿದ್ದರೂ ಸರಿ.

ಈಗ ಡಬ್ಬಕ್ಕೆ 150 ರೂಪಾಯಿ ತಗೊಳ್ಳುತ್ತೇವೆ. ಹತ್ತು ನಿಮಿಷದ ಕೆಲಸ. ಅಂದು ನಂಬದವರೇ ಯಾದಗಿರಿ, ಬೀದರ್‌ನಿಂದ ಮಾಲು ಇಳಿಸುವ ಮೊದಲು ಫೋನ್ ಮಾಡುತ್ತಾರೆ.