ಡಿಜಿಟಲ್ ಚಿತ್ರದಲ್ಲಿ ನಂಬುವಂಥ ಸೂರ್ಯ: ಅಳತೆಯಿಂದ ಶುರು ಮಾಡಿ

ಬಾಹ್ಯಾಕಾಶದ ಚಿತ್ರ ಬರೆಯುವವರಲ್ಲಿ ಹೆಚ್ಚಿನವರು ಗ್ರಹ, ಚಂದ್ರ, ನೀಹಾರಿಕೆ ಎಲ್ಲವನ್ನೂ ಚೆನ್ನಾಗಿಯೇ ಮಾಡುತ್ತಾರೆ. ಸೂರ್ಯನ ಹತ್ತಿರ ಬಂದ ಕೂಡಲೇ ಎಡವುತ್ತಾರೆ. ಕಿತ್ತಳೆ ಬಣ್ಣದ ಒಂದು ಚೆಂಡು, ಅದರ ಮೇಲೆ ಮೋಡದ ಫಿಲ್ಟರ್, ಸುತ್ತಲೂ ಬೆಂಕಿಯ ನಾಲಗೆಗಳು, ಕೊನೆಗೆ ಸುಮ್ನೆ ಒಂದು ಲೆನ್ಸ್ ಫ್ಲೇರ್. ಇದನ್ನು ನೋಡಿದರೆ ಲಾವಾ ತುಂಬಿದ ಯಾವುದೋ ಗ್ರಹ ಅನ್ನಿಸುತ್ತದೆಯೇ ಹೊರತು ನಕ್ಷತ್ರ ಅನ್ನಿಸುವುದಿಲ್ಲ.

ಇದಕ್ಕೆ ಕಾರಣ ಬ್ರಷ್ ಹಿಡಿಯಲು ಬಾರದಿರುವುದಲ್ಲ. ಯಾವ ಸೂರ್ಯನನ್ನು ಬರೆಯುತ್ತಿದ್ದೇವೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿರುವುದಿಲ್ಲ, ಅಷ್ಟೇ. ನಾವು ಅಂತರ್ಜಾಲದಲ್ಲಿ ನೋಡುವ ಸೂರ್ಯನ ಫೋಟೋಗಳು ಮುಖ್ಯವಾಗಿ ಮೂರು ಬಗೆಯವು. ಮೊದಲನೆಯದು ಮಾಮೂಲಿ ಬೆಳಕಿನಲ್ಲಿ ತೆಗೆದದ್ದು. ಅದರಲ್ಲಿ ಸೂರ್ಯ ಹೆಚ್ಚುಕಡಿಮೆ ಬಿಳಿ, ಅಂಚು ಮಂಕು, ಅಲ್ಲಲ್ಲಿ ಸೂರ್ಯಕಲೆಗಳು. ಎರಡನೆಯದು ಎಚ್-ಆಲ್ಫಾ, ಅಂದರೆ ಹೈಡ್ರೋಜನ್ ಸೂಸುವ 656.3 ನ್ಯಾನೋಮೀಟರ್‌ನ ಕೆಂಪು ಬೆಳಕಿನಲ್ಲಿ ಮಾತ್ರ ತೆಗೆದದ್ದು. ರೋಮದಂಥ ಎಳೆಗಳು, ಅಂಚಿನಿಂದ ಎದ್ದ ಪ್ರಾಮಿನೆನ್ಸ್‌ಗಳು (ಅನಿಲದ ಕಮಾನುಗಳು) ಕಾಣುವುದು ಇದರಲ್ಲಿ. ಮೂರನೆಯದು ಅತಿನೇರಳೆ ಬೆಳಕಿನದು. ನಾಸಾದ ಸೋಲಾರ್ ಡೈನಾಮಿಕ್ಸ್ ಅಬ್ಸರ್ವೇಟರಿ 2010ರಿಂದ ಕಳಿಸುತ್ತಿರುವ ಚಿನ್ನದ ಬಣ್ಣದ, ಕೆಂಪು ಬಣ್ಣದ ಚಿತ್ರಗಳನ್ನು ನೋಡಿರುತ್ತೀರಿ. ಆ ಬಣ್ಣಗಳೆಲ್ಲ ಗುರುತಿಗೆ ಅಂತ ಬಳಿದವು. ನಮ್ಮ ಕಣ್ಣಿಗೆ ಆ ಬೆಳಕು ಕಾಣುವುದೇ ಇಲ್ಲ.

ಈ ಮೂರನ್ನೂ ಕಲಸಿದರೆ ಚಿತ್ರ ಕೆಡುತ್ತದೆ. ಮಾಮೂಲಿ ಬೆಳಕಿನಲ್ಲಿ ಅಂಚು ಮಂಕು, ಅತಿನೇರಳೆಯಲ್ಲಿ ಕರೋನಾದಿಂದಾಗಿ, ಅಂದರೆ ಸೂರ್ಯನ ಹೊರಗಿನ ವಾತಾವರಣದಿಂದಾಗಿ, ಅಂಚೇ ಹೊಳೆಯುತ್ತದೆ. ಒಂದರ ಅಂಚಿಗೆ ಇನ್ನೊಂದರ ಮೈ ಜೋಡಿಸಿದರೆ, ಏನು ತಪ್ಪು ಅಂತ ನೋಡುವವರಿಗೆ ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಅಂತ ಗೊತ್ತಾಗಿಯೇ ಆಗುತ್ತದೆ. ಹಾಗಾಗಿ ಒಂದನ್ನು ಆರಿಸಿಕೊಳ್ಳಿ. ಇಲ್ಲಿ ಎಚ್-ಆಲ್ಫಾ ಸೂರ್ಯನನ್ನು ಮಾಡೋಣ, ಚಿತ್ರಕ್ಕೆ ಸಿಗುವ ಸರಕು ಅದರಲ್ಲೇ ಜಾಸ್ತಿ. ಫೋಟೋಶಾಪ್, ಗಿಂಪ್ ಎರಡಕ್ಕೂ ಆಗುವಂತೆ ಹೇಳುತ್ತೇನೆ. ಗಿಂಪ್ ಉಚಿತ, ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಮೊದಲು ಲೆಕ್ಕ

4096 × 4096 ಪಿಕ್ಸೆಲ್‌ನ ಕ್ಯಾನ್ವಾಸ್ ತೆಗೆದುಕೊಳ್ಳಿ. ಬಿಟ್ ಡೆಪ್ತ್ 16 ಇರಲಿ. 8 ಬಿಟ್‌ನಲ್ಲಿ ಮಾಡಿದರೆ ಮುಂದೆ ಹೊಳಪಿನ ಸುತ್ತ ಪಟ್ಟೆ ಪಟ್ಟೆ ಬರುತ್ತದೆ. ಹಿನ್ನೆಲೆ ಪೂರ್ತಿ ಕಪ್ಪು. ನಡುವೆ 3000 ಪಿಕ್ಸೆಲ್ ಅಗಲದ ವೃತ್ತ, ಅದೇ ಸೂರ್ಯ.

ನಿಜವಾದ ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿಲೋಮೀಟರ್. ಅಂದರೆ ನಮ್ಮ ಚಿತ್ರದಲ್ಲಿ ಒಂದು ಪಿಕ್ಸೆಲ್‌ಗೆ ಸುಮಾರು 460 ಕಿಲೋಮೀಟರ್. ಭೂಮಿಯನ್ನು ಪಕ್ಕದಲ್ಲಿಟ್ಟರೆ 27-28 ಪಿಕ್ಸೆಲ್ ಮಾತ್ರ! ಮೂಲೆಯಲ್ಲಿ ಒಂದು ಲೇಯರ್‌ನಲ್ಲಿ ಅಷ್ಟು ದೊಡ್ಡ ನೀಲಿ ಚುಕ್ಕಿ ಇಟ್ಟುಕೊಳ್ಳಿ, ಕೊನೆಗೆ ಅಳಿಸಿದರಾಯಿತು. ಕೆಲಸದುದ್ದಕ್ಕೂ ಅದೇ ನಿಮ್ಮ ಅಳತೆಪಟ್ಟಿ.

ಸೂರ್ಯನ ಮೇಲ್ಮೈಯಲ್ಲಿ ಕುದಿಯುವ ಕಣಗಳು, ಗ್ರಾನ್ಯೂಲ್ ಅಂತಾರಲ್ಲ, ಒಂದೊಂದೂ ಸುಮಾರು ಸಾವಿರ ಕಿಲೋಮೀಟರ್. ನಮ್ಮ ಚಿತ್ರದಲ್ಲಿ ಎರಡೇ ಪಿಕ್ಸೆಲ್. ಚಿತ್ರದ ತುಂಬ ಬೆರಳಗಲದ ಗುಳ್ಳೆ ಬಿಡಿಸಿದವರ ಸೂರ್ಯ ಯಾಕೆ ಪುಟ್ಟ ಕಲ್ಲುಂಡೆಯಂತೆ ಕಾಣುತ್ತದೆ ಅಂತ ಈಗ ಗೊತ್ತಾಯ್ತಲ್ವಾ? ವಿವರ ದೊಡ್ಡದಾದಷ್ಟೂ ಸೂರ್ಯ ಚಿಕ್ಕವನಾಗುತ್ತಾನೆ. ಇನ್ನು ಗ್ರಾನ್ಯೂಲ್‌ಗಿಂತ ದೊಡ್ಡದಾದ ಇನ್ನೊಂದು ಜಾಲ ಇದೆ, ಅದರ ಒಂದೊಂದು ಮನೆ ಸುಮಾರು 30,000 ಕಿಲೋಮೀಟರ್, ಅಂದರೆ 65 ಪಿಕ್ಸೆಲ್. ಎಚ್-ಆಲ್ಫಾದಲ್ಲಿ ಗ್ರಾನ್ಯೂಲ್ ಕಾಣುವುದಿಲ್ಲ. ಈ ಜಾಲದ ಸುಳಿವು, ಅದರ ಮೇಲಿನ ಸಣ್ಣ ಎಳೆಗಳು ಕಾಣುತ್ತವೆ.

ಮೈ

ಇಡೀ ಕೆಲಸ ಬೂದು ಬಣ್ಣದಲ್ಲೇ ನಡೆಯಲಿ. ಬಣ್ಣ ಕೊನೆಗೆ.

3000 × 3000ದ ಚೌಕದಲ್ಲಿ ಮೂರು ಲೇಯರ್ ಬೇಕು. ಕೆಳಗಿನದಕ್ಕೆ ದೊಡ್ಡ ಮೋಡದಂಥ ನಾಯ್ಸ್ ಹಾಕಿ. ಫೋಟೋಶಾಪ್‌ನಲ್ಲಿ ಕ್ಲೌಡ್ಸ್, ಗಿಂಪ್‌ನಲ್ಲಿ ಸಾಲಿಡ್ ನಾಯ್ಸ್. ಕಾಂಟ್ರಾಸ್ಟ್ ತೀರಾ ಕಡಿಮೆ ಮಾಡಿ, ಇದೆಯೋ ಇಲ್ಲವೋ ಅನ್ನುವಷ್ಟು. ಎರಡನೆಯದು ಜಾಲ. ಗಿಂಪ್‌ನಲ್ಲಿ ಸೆಲ್ ನಾಯ್ಸ್ ಇದೆ, ಫೋಟೋಶಾಪ್‌ನಲ್ಲಿ ನಾಯ್ಸ್ ಹಾಕಿ ಕ್ರಿಸ್ಟಲೈಸ್ ಮಾಡಿ. ಮನೆಗಳು 65 ಪಿಕ್ಸೆಲ್ ಆಸುಪಾಸಿಗೆ ಬರಲಿ. ಆಮೇಲೆ 10 ಪಿಕ್ಸೆಲ್ ಬ್ಲರ್ ಕೊಟ್ಟು ಸಾಫ್ಟ್ ಲೈಟ್ ಮೋಡ್‌ನಲ್ಲಿ 20 ಪ್ರತಿಶತಕ್ಕೆ ಇಳಿಸಿ.

ಮೂರನೆಯದು ಎಳೆಗಳು. ಚಿತ್ರಕ್ಕೆ ಜೀವ ಬರುವುದು ಇಲ್ಲಿ, ಸಮಯ ಕೊಡಬೇಕಾದ್ದೂ ಇಲ್ಲೇ. ಸಾಧಾರಣ ನಾಯ್ಸ್ ಹಾಕಿ, ಒಂದೆರಡು ಪಿಕ್ಸೆಲ್ ಬ್ಲರ್ ಮಾಡಿ. ಫೋಟೋಶಾಪ್‌ನಲ್ಲಾದರೆ ಆಯಿಲ್ ಪೇಂಟ್ ಫಿಲ್ಟರ್ ಆ ನಾಯ್ಸನ್ನು ಕೂದಲಿನಂತೆ ಎಳೆಯುತ್ತದೆ. ಗಿಂಪ್‌ನಲ್ಲಿ ಆರ್ಟಿಸ್ಟಿಕ್ ಪಟ್ಟಿಯಲ್ಲಿರುವ ವ್ಯಾನ್ ಗೋ ಫಿಲ್ಟರ್ ನೋಡಿ. ಅದಕ್ಕೆ ಇನ್ನೊಂದು ಚಿತ್ರವನ್ನು ನಕ್ಷೆಯಾಗಿ ಕೊಡಬಹುದು, ಎಳೆಗಳು ಆ ನಕ್ಷೆಯ ಏರಿಳಿತಕ್ಕೆ ತಕ್ಕಂತೆ ಹರಿಯುತ್ತವೆ. ಹಾಗಾಗಿ ಮೊದಲೇ ಸೂರ್ಯಕಲೆಗಳ ಜಾಗ ಗುರುತು ಮಾಡಿ ಬ್ಲರ್ ಮಾಡಿದ ನಕ್ಷೆ ಕೊಟ್ಟರೆ ಅವುಗಳ ಸುತ್ತ ಸುಳಿ ತಾನಾಗಿಯೇ ಬರುತ್ತದೆ. ಉಳಿದದ್ದನ್ನು ಸ್ಮಜ್ ಬ್ರಷ್‌ನಲ್ಲಿ ಕೈಯಿಂದ ತಿದ್ದಿ. ಕಲೆಗಳ ಸುತ್ತ ಎಳೆ ಉದ್ದ, ಬೇರೆ ಕಡೆ ಗಿಡ್ಡ. ಎಲ್ಲ ಕಡೆ ಒಂದೇ ತರಹ ಎಳೆ ಬಂದರೆ ಸೂರ್ಯನ ಬದಲು ಉಣ್ಣೆಯ ಕಂಬಳಿ ಆಗುತ್ತದೆ.

ಕಲೆಗಳು

ಕಲೆಗಳನ್ನು ಎಲ್ಲೆಂದರಲ್ಲಿ ಚೆಲ್ಲಬೇಡಿ. ನಿಜದಲ್ಲಿ ಅವು ಸಮಭಾಜಕ ರೇಖೆಯಿಂದ ಎರಡೂ ಕಡೆ ಸುಮಾರು 35 ಡಿಗ್ರಿಯೊಳಗೆ ಇರುತ್ತವೆ. ಧ್ರುವದ ಹತ್ತಿರ ಕಲೆ ಕಂಡರೆ ಚಿತ್ರ ಸುಳ್ಳು ಅಂತಲೇ ಅರ್ಥ. ಸೂರ್ಯ ನೆಟ್ಟಗೆ ನಿಂತಿದ್ದಾನೆ ಅಂದುಕೊಂಡರೆ, ವೃತ್ತದ ನಡುವಿನಿಂದ ಮೇಲಕ್ಕೆ ತ್ರಿಜ್ಯದ ಅರ್ಧ ದೂರದಲ್ಲಿರುವುದು 30 ಡಿಗ್ರಿ. ಅಲ್ಲಿಂದ ಸ್ವಲ್ಪ ಮೇಲಕ್ಕೆ ಗಡಿ ಎಳೆದುಕೊಳ್ಳಿ, ಕೆಳಗೂ ಅಷ್ಟೇ. ಮುಂದೆ ಗೋಳ ಮಾಡುವಾಗ ಕಲೆಗಳು ಹಿಗ್ಗಿ ಹೊರಕ್ಕೆ ಸರಿಯುತ್ತವೆ, ಹಾಗಾಗಿ ಈಗ ಅವನ್ನು ಗಡಿಗಿಂತ ಸಾಕಷ್ಟು ಒಳಗೇ ಇಡಿ; ಗೋಳ ಮಾಡಿದ ಮೇಲೂ ಗಡಿಯೊಳಗೇ ಇರಬೇಕು.

ಸಾಮಾನ್ಯವಾಗಿ ಅವು ಜೋಡಿಯಾಗಿ, ಗುಂಪಾಗಿ ಬರುತ್ತವೆ. ಜೋಡಿ ಪೂರ್ವ-ಪಶ್ಚಿಮವಾಗಿ ಮಲಗಿರುತ್ತದೆ, ಆದರೆ ಸ್ವಲ್ಪ ಓರೆ: ಮುಂದೆ ಸಾಗುವ ಕಲೆ ಸಮಭಾಜಕಕ್ಕೆ ಕೊಂಚ ಹತ್ತಿರ. ದೊಡ್ಡ ಕಲೆ 50,000 ಕಿಲೋಮೀಟರ್ ಇರಬಹುದು, ನಮಗೆ ಸುಮಾರು 110 ಪಿಕ್ಸೆಲ್. ಅಂಥದ್ದು ಒಂದೇ ಸಾಕು. ಉಳಿದವು ಭೂಮಿಯ ಚುಕ್ಕಿಯಷ್ಟೋ ಅದಕ್ಕಿಂತ ಸಣ್ಣದೋ ಇರಲಿ.

ನಡುವಿನ ಕಪ್ಪು ಭಾಗಕ್ಕೆ ಪೂರ್ತಿ ಕಪ್ಪು ಹಾಕಬೇಡಿ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇದ್ದರೆ ಕಲೆಯ ನಡು ಅದಕ್ಕಿಂತ ಸಾವಿರಾರು ಡಿಗ್ರಿ ತಣ್ಣಗಿರುತ್ತದೆ, ಆದರೂ ಅದು ಕಣ್ಣು ಕುಕ್ಕುವಷ್ಟು ಉರಿಯುತ್ತಲೇ ಇರುತ್ತದೆ. ಪಕ್ಕದವರ ಬೆಳಕಿನ ಎದುರಿಗೆ ಕಪ್ಪಾಗಿ ಕಾಣುತ್ತದೆ ಅಷ್ಟೇ. ಗಾಢ ಬೂದು ಸಾಕು. ನಡುವಿನ ಸುತ್ತ ಇರುವ ತಿಳಿ ಅಂಚಿನಲ್ಲಿ ಗೆರೆಗಳು ನಡುವಿನಿಂದ ಹೊರಕ್ಕೆ ಚಾಚಿರಬೇಕು. ಆ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತದೆ ಅನ್ನುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಹಿಡಿದದ್ದು ನಮ್ಮ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ. ಹಾಗಾಗಿ ಬ್ರಷ್ ಒಳಗಿನಿಂದ ಹೊರಕ್ಕೆ ಎಳೆಯಿರಿ, ಸುತ್ತುಗಟ್ಟಿ ಎಳೆಯಬೇಡಿ. ಕಲೆಗಳ ಆಸುಪಾಸಿನಲ್ಲಿ ಒಡೆದ ಬಿಳಿ ತೇಪೆಗಳನ್ನು ಡಾಡ್ಜ್ ಬ್ರಷ್‌ನಿಂದ ಎಬ್ಬಿಸಿ. ಎಚ್-ಆಲ್ಫಾ ಚಿತ್ರದಲ್ಲಿ ಕಲೆಗಿಂತ ಮೊದಲು ಕಣ್ಣಿಗೆ ಬೀಳುವುದು ಇವೇ.

ಗೋಳ, ಅಂಚು

ಈಗ ಎಲ್ಲವನ್ನೂ ಒಂದು ಲೇಯರ್ ಮಾಡಿ (ಮೂಲ ಪ್ರತಿ ಉಳಿಸಿಕೊಂಡೇ ಮಾಡಿ), ವೃತ್ತ ಸೆಲೆಕ್ಟ್ ಮಾಡಿ ಸ್ಫೆರೈಸ್ ಫಿಲ್ಟರ್ ಹಾಕಿ, ಪೂರ್ತಿ ಪ್ರಮಾಣದಲ್ಲಿ. ಸಾಲದು ಅನ್ನಿಸಿದರೆ ಅರ್ಧ ಪ್ರಮಾಣದಲ್ಲಿ ಇನ್ನೊಂದು ಸಲ. ಅಂಚಿನ ಕಲೆಗಳು ಈಗ ಚಪ್ಪಟೆಯಾಗಿ ಕಾಣಬೇಕು. ನಡುವಿನ ವಿವರ ಹಿಗ್ಗಿ ಮಸುಕಾಗಿರುತ್ತದೆ, ಅದಕ್ಕೆ ಮೇಲಿನಿಂದ ಒಂದೆರಡು ಪಿಕ್ಸೆಲ್‌ನ ಸಣ್ಣ ನಾಯ್ಸ್ ಹೊಸದಾಗಿ ಹಾಕಿ. ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶ ಗೊತ್ತಿದ್ದವರು ಈ ಮೈಯನ್ನು ನೇರವಾಗಿ ಗೋಳದ ಮೇಲೆ ಹೊದಿಸಬಹುದು. ಅದು ಇದಕ್ಕಿಂತ ಚೊಕ್ಕ.

ಇಷ್ಟಾದರೂ ಅದು ಚಪ್ಪಟೆಯಾಗಿಯೇ ಕಾಣುತ್ತದೆ. ಗುಂಡಗೆ ಕಾಣಿಸುವುದು ಅಂಚಿನ ಮಂಕು. ಸೂರ್ಯನ ನಡುವನ್ನು ನೋಡುವಾಗ ನಾವು ಆಳದ, ಬಿಸಿ ಪದರವನ್ನು ನೋಡುತ್ತೇವೆ. ಅಂಚಿನಲ್ಲಿ ನೋಟ ಓರೆಯಾಗಿ ಹಾಯುವುದರಿಂದ ಮೇಲಿನ, ತಣ್ಣಗಿನ ಪದರಕ್ಕೇ ನಿಂತುಬಿಡುತ್ತದೆ. ಮಾಮೂಲಿ ಬೆಳಕಿನಲ್ಲಿ ಅಂಚಿನ ಬೆಳಕು ನಡುವಿನ ಬೆಳಕಿನ ಸುಮಾರು 40 ಪ್ರತಿಶತ. ಇದನ್ನು ಅಂದಾಜಿನಲ್ಲಿ ಬಳಿಯಬೇಡಿ, ಗ್ರೇಡಿಯಂಟ್ ಮಾಡಿ. ನಡುವಿನಿಂದ ಅಂಚಿಗೆ ರೇಡಿಯಲ್ ಗ್ರೇಡಿಯಂಟ್, ಬೂದು ಬೆಲೆಗಳು ಹೀಗೆ: ನಡುವೆ 255, ಅರ್ಧ ದಾರಿಯಲ್ಲಿ 246, 80 ಪ್ರತಿಶತದಲ್ಲಿ 226, 90ರಲ್ಲಿ 212, 95ರಲ್ಲಿ 201, ತುದಿಯಲ್ಲಿ 170. ಪರದೆಯ ಗಾಮಾ ಲೆಕ್ಕ ಹಿಡಿದೇ ಕೊಟ್ಟ ಸಂಖ್ಯೆಗಳಿವು. ಮೋಡ್ ಮಲ್ಟಿಪ್ಲೈ. ಕೊನೆಯ ಐದು ಪ್ರತಿಶತದಲ್ಲೇ ಎಷ್ಟು ಇಳಿಯುತ್ತದೆ ನೋಡಿ! ಇನ್ನರ್ ಶ್ಯಾಡೋ ಹಾಕಿದರೆ ಈ ಇಳಿತ ಸಿಗುವುದಿಲ್ಲ. ಎಚ್-ಆಲ್ಫಾದಲ್ಲಿ ಮಂಕು ಇದಕ್ಕಿಂತ ಮೆದು, ಲೇಯರ್‌ನ ಒಪಾಸಿಟಿ 60ಕ್ಕೆ ಇಳಿಸಿ.

ವೃತ್ತದ ಗೆರೆ ತೀರಾ ನುಣುಪಾಗಿರಬಾರದು. ಅಂಚಿನುದ್ದಕ್ಕೂ 10-20 ಪಿಕ್ಸೆಲ್ ಎತ್ತರದ ಸಣ್ಣ ಹುಲ್ಲಿನಂಥ ಜುಂಗು ಬರಲಿ, ಮಂಕಾಗಿ. ಸ್ಪಿಕ್ಯೂಲ್ ಅನ್ನುವುದು ಇದನ್ನೇ.

ಈಗ ಎಲ್ಲರಿಗೂ ಇಷ್ಟವಾದ ಭಾಗ, ಪ್ರಾಮಿನೆನ್ಸ್. ಬೇರೆ ಲೇಯರ್‌ನಲ್ಲಿ, ಸಣ್ಣ ಒರಟು ಬ್ರಷ್‌ನಲ್ಲಿ ಬರೆಯಿರಿ. ನೂರು ಪಿಕ್ಸೆಲ್ ಎತ್ತರ ಅಂದರೆ ಸುಮಾರು 46,000 ಕಿಲೋಮೀಟರ್, ಅದೇ ಭೂಮಿಯ ಮೂರೂವರೆ ಪಟ್ಟು. ಒಂದು ದೊಡ್ಡದು, ಎರಡು ಮೂರು ಸಣ್ಣವು, ಅಷ್ಟೇ. ಇವು ಬೆಂಕಿಯ ನಾಲಗೆಗಳಲ್ಲ, ಕಾಂತಕ್ಷೇತ್ರದಲ್ಲಿ ತೂಗುತ್ತಿರುವ ಅನಿಲ. ಆದ್ದರಿಂದ ಮೇಲಕ್ಕೆ ಚೂಪಾಗುವ ಬದಲು ಕಮಾನಾಗಿ ಬಾಗುತ್ತವೆ, ಬೇಲಿಯಂತೆ ಸಾಲಾಗಿ ನಿಲ್ಲುತ್ತವೆ, ಕೆಲವು ಕಡೆ ನೆಲಕ್ಕೆ ತಾಗದೆ ತೇಲುತ್ತವೆ. ಇದೇ ಅನಿಲ ಸೂರ್ಯನ ಮುಖದ ಮೇಲೆ ಬಂದಾಗ ಕಪ್ಪು ಹಾವಿನಂತೆ ಕಾಣುತ್ತದೆ, ಆಗ ಅದಕ್ಕೆ ಫಿಲಮೆಂಟ್ ಅಂತ ಹೆಸರು. ಒಂದು ಪ್ರಾಮಿನೆನ್ಸ್ ಅಂಚು ದಾಟಿ ಒಳಗೆ ಬರುವ ಕಡೆ ಅದನ್ನೇ ಕಪ್ಪು ಎಳೆಯಾಗಿ ಮುಂದುವರಿಸಿ ನೋಡಿ, ಚಿತ್ರದ ನಂಬಿಕೆ ದುಪ್ಪಟ್ಟಾಗುತ್ತದೆ. ಅಂದಹಾಗೆ, ನಿಜವಾದ ಫೋಟೋದಲ್ಲಿ ಪ್ರಾಮಿನೆನ್ಸ್ ತುಂಬಾ ಮಂಕು. ಹವ್ಯಾಸಿಗಳು ಮುಖಕ್ಕೊಂದು, ಪ್ರಾಮಿನೆನ್ಸ್‌ಗೊಂದು ಎಕ್ಸ್‌ಪೋಷರ್ ತೆಗೆದು ಜೋಡಿಸುತ್ತಾರೆ. ಹಾಗಾಗಿ ನೀವೂ ಸ್ವಲ್ಪ ಹೊಳಪು ಹೆಚ್ಚಿಸಿದರೆ ಯಾರೂ ಕೇಳುವುದಿಲ್ಲ.

ಬಣ್ಣ

ಎಲ್ಲದರ ಮೇಲೆ ಒಂದು ಗ್ರೇಡಿಯಂಟ್ ಮ್ಯಾಪ್. ಕಪ್ಪಿಗೆ ಕಪ್ಪೇ. ಕಾಲು ಭಾಗಕ್ಕೆ ಕೆಂಪು 110, ಹಸಿರು 15, ನೀಲಿ 0. ಅರ್ಧಕ್ಕೆ 215, 70, 5. ಮುಕ್ಕಾಲಿಗೆ 255, 150, 30. ತುದಿಗೆ 255, 235, 170. ಗಿಂಪ್‌ನಲ್ಲಿ ಕಾಣುವುದೆಲ್ಲವನ್ನೂ ಹೊಸ ಲೇಯರ್‌ಗೆ ತೆಗೆದು ಅದಕ್ಕೆ ಗ್ರೇಡಿಯಂಟ್ ಮ್ಯಾಪ್ ಹಾಕಿ. ಬೂದಿನಲ್ಲಿ ಕೆಲಸ ಮಾಡಿದ್ದರ ಲಾಭ ಇದೇ: ಅಂಚು ಮಂಕಾದ ಕಡೆ ತಾನಾಗಿ ಕೆಂಪಗಾಗುತ್ತದೆ.

ಮಾಮೂಲಿ ಬೆಳಕಿನ ಸೂರ್ಯ ಬೇಕಿದ್ದವರು ಎಳೆ, ಫಿಲಮೆಂಟ್, ಪ್ರಾಮಿನೆನ್ಸ್ ಎಲ್ಲ ಬಿಟ್ಟು ಎರಡು ಪಿಕ್ಸೆಲ್‌ನ ಕಣ, ಕಲೆಗಳು, ಅಂಚಿನ ಗ್ರೇಡಿಯಂಟ್ ಪೂರ್ತಿ, ಬಿಳಿಗೆ ಹತ್ತಿರದ ಬಣ್ಣ ಇಷ್ಟನ್ನು ಇಟ್ಟುಕೊಳ್ಳಿ. ಹಳದಿ ಸೂರ್ಯ ನಮ್ಮ ಗಾಳಿಯ ಕೊಡುಗೆ, ಬಾಹ್ಯಾಕಾಶದಿಂದ ಅವನು ಬಿಳಿ.

ಹೊಳಪು, ದೂರದ ಸೂರ್ಯ

ಸುತ್ತಲಿನ ಹೊಳಪಿನ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಸೂರ್ಯನ ಮುಖದ ವಿವರ ಕಾಣುತ್ತಿದ್ದರೆ ಸುತ್ತ ಹೊಳಪು ಇರಬಾರದು, ಹೊಳಪಿದ್ದರೆ ಮುಖ ಸುಟ್ಟು ಬೆಳ್ಳಗಾಗಿರಬೇಕು. ಕರೋನಾದ ಬೆಳಕು ಮುಖದ ಬೆಳಕಿನ ಹತ್ತು ಲಕ್ಷದಲ್ಲೊಂದು ಪಾಲು. ಅದನ್ನು ನೋಡಲು ಮುಖವನ್ನೇ ಮುಚ್ಚಬೇಕು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮಾಡಿಕೊಟ್ಟ ವಿಇಎಲ್‌ಸಿ ಉಪಕರಣ ಮಾಡುವುದು ಅದನ್ನೇ. ಇದೇ ಕಾರಣಕ್ಕೆ ವಿವರವಾದ ಸೂರ್ಯನ ಹಿಂದೆ ನಕ್ಷತ್ರಗಳನ್ನು ಚೆಲ್ಲುವುದೂ ತಪ್ಪು.

ದೂರದ ಸೂರ್ಯನಾದರೆ ಕಥೆ ಬೇರೆ. ಭೂಮಿಯಿಂದ ಅವನು ಅರ್ಧ ಡಿಗ್ರಿ. 60 ಡಿಗ್ರಿ ಅಗಲದ ನೋಟ, 3840 ಪಿಕ್ಸೆಲ್ ಚಿತ್ರ ಅಂದರೆ ಸೂರ್ಯ 34 ಪಿಕ್ಸೆಲ್. ಮಂಗಳದ ಹತ್ತಿರದಿಂದ 22, ಗುರುವಿನ ಹತ್ತಿರದಿಂದ ಆರೇಳು! ಅಷ್ಟು ಸಣ್ಣ ಬಿಳಿ ಚುಕ್ಕಿ ಇಟ್ಟು, ಅದರ ಪ್ರತಿಗಳಿಗೆ 10, 40, 160, 640 ಪಿಕ್ಸೆಲ್ ಬ್ಲರ್ ಕೊಟ್ಟು, ಸ್ಕ್ರೀನ್ ಮೋಡ್‌ನಲ್ಲಿ ಒಂದರ ಮೇಲೊಂದು ಹಾಕಿ. ಬ್ಲರ್ ಮಾಡಿದ ಪ್ರತಿಗಳು ತೀರಾ ಮಂಕಾಗಿರುತ್ತವೆ, ಲೆವೆಲ್ಸ್‌ನಲ್ಲಿ ಎತ್ತಿಕೊಳ್ಳಿ, ದೊಡ್ಡ ಬ್ಲರ್‌ಗೆ ಕಡಿಮೆ. ಒಂದೇ ಔಟರ್ ಗ್ಲೋಗಿಂತ ಇದು ಎಷ್ಟೋ ಮೇಲು. ಗ್ರಹದ ಬೆಳಗಿದ ಬದಿ ಸೂರ್ಯನ ಕಡೆಗೇ ಇದೆಯಾ ಅಂತ ಒಮ್ಮೆ ನೋಡಿ, ಎಷ್ಟೋ ಚೆಂದದ ಚಿತ್ರಗಳು ಸೋಲುವುದು ಅಲ್ಲೇ.

ಕೊನೆಯಲ್ಲಿ ಇಡೀ ಚಿತ್ರಕ್ಕೆ ಅರ್ಧದಿಂದ ಒಂದು ಪ್ರತಿಶತ ನಾಯ್ಸ್ ಹಾಕಿ ಆಮೇಲೆ 8 ಬಿಟ್‌ಗೆ ಇಳಿಸಿ. ಜೆಪೆಗ್ ಗುಣಮಟ್ಟ 90ಕ್ಕಿಂತ ಕೆಳಗೆ ಬೇಡ. ಫೋನಿನಲ್ಲಿ ಬ್ರೈಟ್‌ನೆಸ್ ಪೂರ್ತಿ ಏರಿಸಿ ನೋಡಿ. ಕಪ್ಪಿನಲ್ಲಿ ಪಟ್ಟೆ ಕಂಡರೆ 16 ಬಿಟ್‌ನ ಫೈಲಿಗೆ ವಾಪಸ್ ಹೋಗಿ ನಾಯ್ಸ್ ಇನ್ನೊಂದು ಚೂರು ಹೆಚ್ಚಿಸಿ.