ಕಂಪೈಲ್ ಮಾಡುವಾಗ ಲೈಬ್ರರಿ ಸಿಗದಿದ್ದರೆ

ಲಿನಕ್ಸ್‌ನಲ್ಲಿ ಸಿ ಅಥವಾ ಸಿ++ ಪ್ರೋಗ್ರಾಂ ಕಂಪೈಲ್ ಮಾಡುವಾಗ ಲೈಬ್ರರಿ (ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಇಲ್ಲವೆಂಬ ದೋಷ ಬಂದರೆ, ಅದು ಯಾವ ಹಂತದಲ್ಲಿ ಬಂದಿದೆ ಎಂಬುದನ್ನು ಮೊದಲು ಗುರುತಿಸಬೇಕು. ಕಂಪೈಲರ್ ಹೆಡರ್ ಫೈಲನ್ನು (ಲೈಬ್ರರಿಯ ಫಂಕ್ಷನ್‌ಗಳ ಘೋಷಣೆಗಳಿರುವ ಫೈಲ್) ಹುಡುಕುತ್ತದೆ, ಕಂಪೈಲ್ ಆದ ಕೋಡನ್ನು ಜೋಡಿಸುವ ಲಿಂಕರ್ ಲೈಬ್ರರಿಯನ್ನು ಹುಡುಕುತ್ತದೆ, ಪ್ರೋಗ್ರಾಂ ಶುರುವಾಗುವಾಗ ಅದನ್ನು ಮೆಮೊರಿಗೆ ತರುವ ಲೋಡರ್ ಆ ಲೈಬ್ರರಿಯನ್ನೇ ಮತ್ತೊಮ್ಮೆ ಹುಡುಕುತ್ತದೆ. ಒಂದು ಹಂತದ ಪರಿಹಾರ ಇನ್ನೊಂದಕ್ಕೆ ಒದಗಲೇಬೇಕೆಂದಿಲ್ಲ. ಪರದೆಯ ತುಂಬ ದೋಷಗಳು ಬಂದಾಗ ಮೊದಲನೆಯದನ್ನೇ ಓದಬೇಕು, ಏಕೆಂದರೆ ಉಳಿದವು ಬಹುಪಾಲು ಅದರಿಂದಲೇ ಹುಟ್ಟಿರುತ್ತವೆ.

ಹೆಡರ್ ಸಿಗಲಿಲ್ಲವೆಂದರೆ ಸಾಮಾನ್ಯವಾಗಿ ಡೆವಲಪ್‌ಮೆಂಟ್ ಪ್ಯಾಕೇಜ್ ಇಲ್ಲವೆಂದು ಅರ್ಥ. ಲೈಬ್ರರಿ ಮೊದಲೇ ಇದ್ದರೂ ಹೆಡರ್‌ಗಳು ಬೇರೆ ಪ್ಯಾಕೇಜ್‌ನಲ್ಲಿರುತ್ತವೆ. ಅದರ ಹೆಸರು ಡೆಬಿಯನ್, ಉಬುಂಟುಗಳಲ್ಲಿ ‘ಡೆವ್’ ಎಂದೂ ಫೆಡೋರಾದಲ್ಲಿ ‘ಡೆವೆಲ್’ ಎಂದೂ ಮುಗಿಯುತ್ತದೆ. ಹೆಡರ್ ಯಾವ ಪ್ಯಾಕೇಜ್‌ನಲ್ಲಿದೆ ಎಂಬುದನ್ನು ಮೊದಲಿನವುಗಳಲ್ಲಿ ಎಪಿಟಿ-ಫೈಲ್ ಕಮಾಂಡ್, ಫೆಡೋರಾದಲ್ಲಿ ಡಿಎನ್‌ಎಫ್ ಪ್ರೊವೈಡ್ಸ್ ಕಮಾಂಡ್ ತಿಳಿಸುತ್ತದೆ.

ಲಿಂಕರ್ ದೋಷಗಳಿಗೆ ಹೆಚ್ಚು ತಾಳ್ಮೆ ಬೇಕು. ‘ಕೆನಾಟ್ ಫೈಂಡ್’ ಎಂದರೆ ಲೈಬ್ರರಿಯ ಫೈಲೇ ಸಿಕ್ಕಿಲ್ಲ; ಆಗಲೂ ಮೊದಲು ಡೆವಲಪ್‌ಮೆಂಟ್ ಪ್ಯಾಕೇಜನ್ನೇ ನೋಡಬೇಕು, ಏಕೆಂದರೆ ಲಿಂಕರ್ ಹುಡುಕುವ, ಆವೃತ್ತಿ ಸಂಖ್ಯೆಯಿಲ್ಲದ ‘.ಎಸ್‌ಒ’ ಹೆಸರು ಅದರಲ್ಲೇ ಇರುತ್ತದೆ. ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದರೆ ಫಂಕ್ಷನ್‌ನ ಘೋಷಣೆ ಸಿಕ್ಕಿದೆ, ಅದರ ಕೋಡ್ ಸಿಕ್ಕಿಲ್ಲ. ಲೈಬ್ರರಿಯ ಹೆಸರು ಕಮಾಂಡ್‌ನಲ್ಲಿ ಬಿಟ್ಟುಹೋಗಿರಬಹುದು. ಇದ್ದೂ ದೋಷ ಬಂದರೆ ಕ್ರಮವನ್ನು ನೋಡಬೇಕು. ಲಿಂಕರ್ ಎಡದಿಂದ ಬಲಕ್ಕೆ ಸಾಗುತ್ತ, ಸ್ಟ್ಯಾಟಿಕ್ ಲೈಬ್ರರಿಯಿಂದ (ಕೋಡ್ ಪ್ರೋಗ್ರಾಂನೊಳಗೇ ಸೇರಿಕೊಳ್ಳುವಂಥದ್ದು) ಅಲ್ಲಿಯವರೆಗೆ ಬೇಕಾದದ್ದನ್ನು ಮಾತ್ರ ತೆಗೆದುಕೊಳ್ಳುವುದರಿಂದ, ಲೈಬ್ರರಿಗಳ ಹೆಸರು ನಿಮ್ಮ ಸೋರ್ಸ್ ಮತ್ತು ಆಬ್ಜೆಕ್ಟ್ (ಕಂಪೈಲ್ ಆಗಿ ಇನ್ನೂ ಜೋಡಣೆಯಾಗದ) ಫೈಲ್‌ಗಳ ನಂತರವೇ ಬರಬೇಕು. ಒಂದು ಲೈಬ್ರರಿ ಇನ್ನೊಂದನ್ನು ಬಳಸುತ್ತಿದ್ದರೆ ಬಳಸುವುದು ಮೊದಲು, ಬಳಕೆಯಾಗುವುದು ಆಮೇಲೆ. ಈ ಆಯ್ಕೆಗಳನ್ನು ಕೈಯಿಂದ ಬರೆಯುವುದಕ್ಕಿಂತ ಪಿಕೆಜಿ-ಕಾನ್ಫಿಗ್ ಎಂಬ ಸಾಧನದಿಂದ ಪಡೆಯುವುದು ಒಳ್ಳೆಯದು. ಅವಲಂಬನೆಗಳ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ. ಸಿ++ ಪ್ರೋಗ್ರಾಂನಿಂದ ಸಿ ಲೈಬ್ರರಿಯನ್ನು ಬಳಸುತ್ತಿದ್ದರೆ, ಅದರ ಘೋಷಣೆಗಳು ‘ಎಕ್ಸ್‌ಟರ್ನ್ ಸಿ’ (ಇವು ಸಿ ಫಂಕ್ಷನ್‌ಗಳೆಂದು ಕಂಪೈಲರ್‌ಗೆ ತಿಳಿಸುವ ಗುರುತು) ಒಳಗಿವೆಯೇ ಎಂದೂ ಪರೀಕ್ಷಿಸಿ.

ಕಂಪೈಲ್ ಆದ ಪ್ರೋಗ್ರಾಂ ಓಡದಿದ್ದರೆ ಅದರ ಮೇಲೆ ಎಲ್‌ಡಿಡಿ ಕಮಾಂಡ್ ನಡೆಸಿದಾಗ, ‘ನಾಟ್ ಫೌಂಡ್’ ಎಂದಿರುವ ಸಾಲು ಕಾಣೆಯಾದ ಲೈಬ್ರರಿಯನ್ನು ತೋರಿಸುತ್ತದೆ. ಲೈಬ್ರರಿಯನ್ನು ನೀವೇ ಸೋರ್ಸ್‌ನಿಂದ ಸ್ಥಾಪಿಸಿದ್ದರೆ, ಅದಿರುವ ಡೈರೆಕ್ಟರಿಯನ್ನು ಲೋಡರ್‌ನ ಕಾನ್ಫಿಗರೇಷನ್‌ಗೆ ಸೇರಿಸಿ, ರೂಟ್ ಅಧಿಕಾರದಿಂದ ಎಲ್‌ಡಿಕಾನ್ಫಿಗ್ ಕಮಾಂಡ್ ನಡೆಸಬೇಕು. ಬೇರೆ ಆವೃತ್ತಿಯ ಫೈಲಿಗೆ ಬೇಕಾದ ಹೆಸರಿನ ಸಿಮ್‌ಲಿಂಕ್ (ಫೈಲನ್ನು ಬೇರೆ ಹೆಸರಿನಿಂದ ತೋರಿಸುವ ಕೊಂಡಿ) ಕೊಡುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ: ಲೈಬ್ರರಿಯ ಹೆಸರಿನಲ್ಲಿರುವ ಮುಖ್ಯ ಆವೃತ್ತಿ ಸಂಖ್ಯೆ ಬದಲಾಗುವುದೇ ಎರಡು ಆವೃತ್ತಿಗಳು ಪರಸ್ಪರ ಹೊಂದುವುದಿಲ್ಲವೆಂದು ತಿಳಿಸಲಿಕ್ಕೆ, ಮತ್ತು ಹಾಗೆ ಓಡಿದ ಪ್ರೋಗ್ರಾಂ ದತ್ತಾಂಶವನ್ನು ಸದ್ದಿಲ್ಲದೆ ಕೆಡಿಸಬಹುದು.